ಶುಐಬ್ ಎಂಬ ಹೆಸರನ್ನು ಹೇಗೆ ಬರೆಯಬೇಕು?

ಬೆಳಗಾವಿಯ ರವಿವಾರ ಪೇಟೆಯ ಸಗಟು ಅಂಗಡಿಯೊಂದರಲ್ಲಿ ಕುಳಿತಿದ್ದೆ. ಅಂಗಡಿಯ ಹಿರಿಯರು ಗಲ್ಲೆಯಿಂದ ಮೊಮ್ಮಗನ ಎರಡು ಕಾಗದಗಳನ್ನು ತೆಗೆದು ನನ್ನ ಮುಂದಿಟ್ಟರು. ಜನನ ಪ್ರಮಾಣಪತ್ರದಲ್ಲಿ 'ಶೋಯಬ್' ಎಂದಿದೆ, ಶಾಲೆಯ ದಾಖಲೆಯಲ್ಲಿ 'ಸುಹೈಬ್'. ಅಜ್ಜಿ ಕರೆಯುವುದು 'ಶೋಏಬ್'. ಮದ್ರಸದ ಮೌಲವಿ ಸಾಹೇಬರು ಹೇಳುವುದು 'ಶುಐಬ್'. "ಇವರಲ್ಲಿ ನಮ್ಮ ಹುಡುಗ ಯಾರು?" ಎಂದು ಅವರು ನಗುತ್ತಾ ಕೇಳಿದರು.

ನಗೆಯ ಮಾತಾದರೂ ಉತ್ತರ ಹೇಳಬೇಕಾದ ಪ್ರಶ್ನೆಯಿದು.

ಈ ಹೆಸರಿನಲ್ಲಿ ಶೀನ್, ಐನ್, ಯಾ, ಬಾ ಎಂಬ ನಾಲ್ಕು ಅಕ್ಷರಗಳಿವೆ. ತೊಡಕೆಲ್ಲ ಎರಡನೆಯದರಲ್ಲಿ. ಐನ್ ಗಂಟಲಿನ ಆಳದಿಂದ ಹೊರಡುವ ಅಕ್ಷರ. ಕನ್ನಡದಲ್ಲಿ ಅದಕ್ಕೆ ಲಿಪಿಯಿಲ್ಲ. ಆದ್ದರಿಂದ 'ಶು' ಎಂದು ಹೇಳಿ, ಕ್ಷಣ ತಡೆದು, 'ಐಬ್' ಎನ್ನುವುದೇ ನಮ್ಮ ಲಿಪಿಗೆ ನಿಲುಕುವ ಹತ್ತಿರದ ದಾರಿ. ಪದದ ನಡುವೆ 'ಐ' ನಿಂತಿರುವುದು ಕನ್ನಡದ ಕಣ್ಣಿಗೆ ವಿಚಿತ್ರವಾಗಿ ಕಾಣುತ್ತದೆ; ಬರೆಯುವವರು ತಪ್ಪೆಂದು ಭಾವಿಸಿ ಅಲ್ಲಿ 'ಯ' ಅಥವಾ 'ಹ' ಸೇರಿಸಿಬಿಡುತ್ತಾರೆ. ಉರ್ದು ಮಾತಿನಲ್ಲಿ ಐನ್‌ಗೆ ಮುಂಚಿನ ಉಕಾರ ಓಕಾರದ ಕಡೆಗೆ ವಾಲುತ್ತದೆ. ಅರಬಿಯ 'ಶುಅಲ' ಉರ್ದುವಿನಲ್ಲಿ 'ಶೋಲಾ' ಆಗಿರುವುದು ಹೀಗೆಯೇ. ಹಾಗಾಗಿ ಅಜ್ಜಿಯ 'ಶೋಏಬ್' ತಪ್ಪಲ್ಲ, ಅದು ನಮ್ಮ ಮನೆಗಳ ಉಚ್ಚಾರ. ಆದರೆ ಜುನೈದ್, ಉಮೈರ್, ಹುಸೈನ್ ಎಂಬ ಹೆಸರುಗಳೂ ಇದೇ ಅಚ್ಚಿನವು. ಅವುಗಳನ್ನು ಸರಿಯಾಗಿ ಹೇಳುವ ನಾಲಗೆಗೆ ಶುಐಬ್ ಕಷ್ಟವೇ?

'ಸುಹೈಬ್' ಮಾತ್ರ ಬೇರೆಯೇ ಹೆಸರು. ಹಝ್ರತ್ ಸುಹೈಬ್ ರೂಮಿ(ರ) ಪ್ರವಾದಿವರ್ಯರ(ಸ) ಸಂಗಾತಿ. ಹಿಜ್ರತ್ ಹೊರಟಾಗ ಕುರೈಶರು ಅಡ್ಡಗಟ್ಟಲು, ಮಕ್ಕಾದಲ್ಲಿ ಗಳಿಸಿದ್ದನ್ನೆಲ್ಲ ಅವರಿಗೇ ಬಿಟ್ಟುಕೊಟ್ಟು ಮದೀನಾ ಸೇರಿದವರು. ಹಝ್ರತ್ ಶುಐಬ್(ಅ) ಮದ್‌ಯನ್ ಜನರ ಬಳಿಗೆ ಬಂದ ಪ್ರವಾದಿ. ಪವಿತ್ರ ಕುರ್‌ಆನಿನ ನಾಲ್ಕು ಸೂರಃಗಳಲ್ಲಿ ಅವರ ಹೆಸರು 11 ಬಾರಿ ಬಂದಿದೆ. ಅಲ್ಲಾಹನೊಬ್ಬನನ್ನೇ ಆರಾಧಿಸಿರಿ ಎಂದ ಬೆನ್ನಿಗೇ ಅವರು ಹೇಳಿದ ಮಾತು ಅಳತೆ-ತೂಕದಲ್ಲಿ ಮೋಸ ಮಾಡಬೇಡಿರೆಂಬುದು. ತಕ್ಕಡಿಯ ಮುಂದೆಯೇ ಬದುಕುವ ಪೇಟೆಯ ಮನೆತನವೊಂದು ಮಗನಿಗೆ ಆ ಹೆಸರನ್ನು ಆರಿಸಿದ್ದು ಸುಮ್ಮನೆ ಅಲ್ಲ. ಹಿರಿಯರೂ ಅದನ್ನೇ ಹೇಳಿದರು. ಗುಮಾಸ್ತರ ಲೇಖನಿಯಲ್ಲಿ ಆ ಹೆಸರು ಕಳೆದುಹೋಗಬಾರದಷ್ಟೆ.

ಒಂದಕ್ಷರಕ್ಕೆ ಇಷ್ಟು ಚರ್ಚೆಯೇ ಎನ್ನುವವರು 'ಆಸಿಯಾ' ಎಂಬ ಹೆಸರನ್ನು ನೋಡಲಿ. ಪ್ರವಾದಿವರ್ಯರು(ಸ) ಆ ಹೆಸರಿನ ಹುಡುಗಿಯೊಬ್ಬಳನ್ನು ಜಮೀಲಾ ಎಂದು ಕರೆದರೆಂಬ ಹದೀಸ್ ಕೇಳಿ, ತಮ್ಮ ಮಗಳ ಹೆಸರನ್ನೂ ಬದಲಿಸಬೇಕೇ ಎಂದು ತಾಯಂದಿರು ಗಾಬರಿಯಾಗುತ್ತಾರೆ. ಬೇಕಿಲ್ಲ. ಬದಲಾದ ಹೆಸರು ಐನ್ ಮತ್ತು ಸ್ವಾದ್ ಇರುವಂಥದು, ಅರ್ಥ 'ಅವಿಧೇಯಳು'. ಫಿರ್‌ಔನನ ಪತ್ನಿ, ಸತ್ಯವಿಶ್ವಾಸಿನಿ ಆಸಿಯಾರ ಹೆಸರಿನಲ್ಲಿರುವುದು ಅಲಿಫ್ ಮತ್ತು ಸೀನ್. ಕನ್ನಡದಲ್ಲಿ ಎರಡೂ ಒಂದೇ! ಆದ್ದರಿಂದ ಮಗುವಿಗೆ ತನ್ನ ಹೆಸರನ್ನು ಅರಬಿಯಲ್ಲಿ ಬರೆಯಲು ಮೊದಲೇ ಕಲಿಸಿರಿ.

ಇನ್ನು ಕಾಗದಪತ್ರಗಳ ಮಾತು. ನಮ್ಮ ಊರಿನ ಹೆಸರೇ 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಅಧಿಕೃತವಾಗಿ ಬೆಳಗಾವಿಯಾಯಿತು. ಅದಕ್ಕೆ ಅಷ್ಟು ಕಾಲ ಹಿಡಿಯಿತು. ಮಗುವಿನ ಹೆಸರಿಗೆ ಅಷ್ಟು ಕಾಯಬೇಕಾಗಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಮು ದಾಖಲೆಯ ತಪ್ಪನ್ನು ತಿದ್ದಲು ಅವಕಾಶ ಕೊಡುತ್ತದೆ. ಮೊದಲು ಅದನ್ನು ಸರಿಪಡಿಸಿ, ಆಮೇಲೆ ಶಾಲೆಗೆ ಹೋಗಿರಿ. ಎರಡು ಕಡೆ ಎರಡು ಹೆಸರಿದ್ದರೆ ಮುಂದೆ ಅಲೆದಾಡಬೇಕಾದವನು ಹುಡುಗನೇ.

ಹಿರಿಯರು ಹಳೆಯ ರಸೀದಿಯೊಂದರ ಹಿಂಬದಿಯಲ್ಲಿ 'ಶುಐಬ್' ಎಂದು ಬರೆದುಕೊಂಡರು. "ಅಜ್ಜಿಗೆ ಏನು ಹೇಳಲಿ?" ಎಂದರು. ಏನೂ ಹೇಳಬೇಡಿ ಎಂದೆ. ಆಕೆ 'ಶೋಏಬ್' ಎಂದೇ ಕರೆಯಲಿ, ಅವನು ಓಗೊಡಲಿ.