ಸೀಮೆಹಸು ಮಧ್ಯಾಹ್ನ ಏದುಸಿರು ಬಿಡುವುದೇಕೆ?

ಪ್ರಶ್ನೆ: ನಮ್ಮದು ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿ. ಕೊಟ್ಟಿಗೆಯಲ್ಲಿ ಎರಡು ಎಚ್‌ಎಫ್ ಹಸು, ಒಂದು ಹಳ್ಳಿಕಾರ್ ಹಸು ಇವೆ. ಶಿವರಾತ್ರಿ ಕಳೆಯಿತೆಂದರೆ ಎಚ್‌ಎಫ್ ಹಸುಗಳು ಮಧ್ಯಾಹ್ನ ಬಾಯಿ ತೆರೆದು ಏದುಸಿರು ಬಿಡುತ್ತವೆ, ಜೊಲ್ಲು ಸುರಿಸುತ್ತವೆ. ಹಾಲು ಇಳಿಯುತ್ತದೆ, ಡೈರಿಯಲ್ಲಿ ಫ್ಯಾಟ್ ಕೂಡ ಕಡಿಮೆ ಬರುತ್ತದೆ. ಅದೇ ಸೂರಿನಡಿ ಹಳ್ಳಿಕಾರ್ ಹಸು ಮಾತ್ರ ಆರಾಮಾಗಿ ಮೆಲುಕು ಹಾಕುತ್ತಿರುತ್ತದೆ. ದಿನಕ್ಕೆ ಎರಡು ಸಲ ಮೈ ತೊಳೆದರೂ ಪ್ರಯೋಜನ ಕಾಣುತ್ತಿಲ್ಲ. ಏಕೆ ಹೀಗೆ? ಏನು ಮಾಡಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಎಳೆಯಿದೆ. ಸೂರು ಒಂದೇ, ಬಿಸಿಲೂ ಒಂದೇ. ಹಾಗಾದರೆ ವ್ಯತ್ಯಾಸ ಇರುವುದು ಹಸುವಿನ ಒಳಗೆ. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆ ಹಗಲೂ ರಾತ್ರಿ ಉರಿಯುವ ಒಲೆ. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲನ್ನು ಹುದುಗಿಸುತ್ತಲೇ ಶಾಖವನ್ನೂ ಹುಟ್ಟಿಸುತ್ತವೆ. ತಿಂದದ್ದನ್ನು ಹಾಲಾಗಿಸುವ ಕೆಲಸದಲ್ಲಿ ಇನ್ನಷ್ಟು ಶಾಖ ಸೇರುತ್ತದೆ. ದಿನಕ್ಕೆ 18–19 ಲೀಟರ್ ಹಾಲು ಕೊಡುವ ಹಸುವಿನ ಮೈಯಲ್ಲಿ, ಹಾಲು ಬತ್ತಿದ ಹಸುವಿಗಿಂತ ಕಾಲು ಭಾಗಕ್ಕೂ ಹೆಚ್ಚು ಶಾಖ ಹುಟ್ಟುತ್ತದೆಂದು ಅಳೆದು ನೋಡಿದ್ದಾರೆ. 30 ಲೀಟರಿಗೆ ಏರಿದರೆ ಅದು ಹೆಚ್ಚುಕಡಿಮೆ ಒಂದೂವರೆ ಪಟ್ಟು. ಹಸುವಿನ ಮೈಬಿಸಿ 38.5 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲಬೇಕಾದರೆ ಈ ಶಾಖವೆಲ್ಲ ಹೊರಗೆ ಹೋಗಬೇಕು. ಹೊರಗಿನ ಗಾಳಿಯೇ 35 ಡಿಗ್ರಿ ಇರುವಾಗ ಅದು ಹೋಗುವುದಾದರೂ ಎಲ್ಲಿಗೆ? ನಮಗೆ ಹಿತವೆನಿಸುವ 25 ಡಿಗ್ರಿಯಲ್ಲೇ ಹಾಲುಗರೆಯುವ ಎಚ್‌ಎಫ್ ಹಸುವಿಗೆ ಸೆಕೆ ಶುರುವಾಗಿರುತ್ತದೆ.

ಹಳ್ಳಿಕಾರ್ ಹಸು ಹಾಲು ಕೊಡುವುದು ಕಡಿಮೆ, ತಿನ್ನುವುದೂ ಕಡಿಮೆ. ಹಾಗಾಗಿ ಅದರ ಒಳಗಿನ ಉರಿಯೂ ಸಣ್ಣದು. ಅದರ ಚರ್ಮದಲ್ಲಿ ಬೆವರುಗ್ರಂಥಿಗಳು ದೊಡ್ಡವು, ಹೆಚ್ಚು. ಕೂದಲು ಗಿಡ್ಡ, ನುಣುಪು. ಜೋಲುವ ಗಂಗೆದೊಗಲೇ ತಂಪಿನ ಗುಟ್ಟು ಎಂದು ಹಲವರು ಹೇಳುತ್ತಾರೆ. ಆದರೆ ದನಗಳ ಗಂಗೆದೊಗಲನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ಪರೀಕ್ಷಿಸಿದಾಗಲೂ ಸೆಕೆ ತಾಳುವ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ಕೊರತೆ ಕಾಣಲಿಲ್ಲ.

ಇಂಥ ಗಟ್ಟಿ ತಳಿಗಳನ್ನೂ ನಮ್ಮ ಹಿರಿಯರು ಬಿಸಿಲಿಗೆ ಬಿಟ್ಟಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಮೈಸೂರು ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಬೆಣ್ಣೆಚಾವಡಿಗೆ ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ. ಅದಕ್ಕೆ ಸೇರಿದ ಕಾವಲುಗಳು, ಅಂದರೆ ಮೀಸಲು ಹುಲ್ಲುಗಾವಲುಗಳು, ಹಾಸನ, ತುಮಕೂರು, ಚಿಕ್ಕಮಗಳೂರು, ಚಿತ್ರದುರ್ಗ ಸೀಮೆಗಳಲ್ಲಿ ಹರಡಿಕೊಂಡಿದ್ದವು. ಆ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದ್ದರು. ಬೇಸಿಗೆ ಕಾವಲೆಂದರೆ ಹೆಚ್ಚಾಗಿ ಕೆರೆಯಂಗಳ: ತೇವಕ್ಕೆ ಚಿಗುರಿದ ಹುಲ್ಲು, ಪಕ್ಕದಲ್ಲಿ ನೆರಳಿನ ಮರ. ಸೆಕೆ ಏರಿದಂತೆ ದನಗಳನ್ನೇ ತಂಪಿದ್ದ ಕಡೆಗೆ ಹೊಡೆಯುತ್ತಿದ್ದರು. ನಾವು ಅವುಗಳಿಗಿಂತ ಎಷ್ಟೋ ಮೆದುವಾದ ಹಸುವನ್ನು ತಂದು, ಶೀಟಿನ ಕೆಳಗೆ ಗಿಡ್ಡ ಹಗ್ಗದಲ್ಲಿ ಕಟ್ಟಿದ್ದೇವೆ. ಅದು ತಾನಾಗಿ ನೆರಳು ಹುಡುಕಿ ಹೋಗುವಂತಿಲ್ಲ. ಹಾಗಾಗಿ ತಂಪನ್ನು ಅದರ ಬಳಿಗೆ ಒಯ್ಯುವುದು ನಮ್ಮ ಹೊಣೆ.

ಇನ್ನು ಫ್ಯಾಟಿನ ವಿಷಯ. ಸೆಕೆಗೆ ಹಸು ಮೊದಲು ಬಿಡುವುದು ಮೇವನ್ನು. ಮೇವು ಇಳಿದ ಒಂದೆರಡು ದಿನಕ್ಕೆ ಹಾಲು ಇಳಿಯುತ್ತದೆ, ಆದ್ದರಿಂದ ಇವತ್ತಿನ ಹಾಲಿಗೆ ಮೊನ್ನೆಯ ಬಿಸಿಲೇ ಕಾರಣವಾಗಿರಬಹುದು. ತೇಕುತ್ತ ತೇಕುತ್ತ ಹಸು ಇಂಗಾಲದ ಡೈಆಕ್ಸೈಡನ್ನು ಅತಿಯಾಗಿ ಹೊರಹಾಕುತ್ತದೆ. ಅದರಿಂದ ಕೆಡುವ ರಕ್ತದ ಸಮತೋಲವನ್ನು ಸರಿಪಡಿಸಲು ಮೂತ್ರಪಿಂಡಗಳು ಬೈಕಾರ್ಬೊನೇಟನ್ನು ಮೂತ್ರದಲ್ಲಿ ಕಳೆಯುತ್ತವೆ. ಹೊಟ್ಟೆಯ ಹುಳಿಯನ್ನು ತಣಿಸಬೇಕಾದ ಜೊಲ್ಲಿನಲ್ಲಿ ಅದೇ ಬೈಕಾರ್ಬೊನೇಟ್ ಕಡಿಮೆಯಾಗುತ್ತದೆ. ಉಳಿದ ಜೊಲ್ಲೂ ನೆಲಕ್ಕೆ ಸುರಿಯುತ್ತದೆ. ಸಾಲದ್ದಕ್ಕೆ, ಹುಲ್ಲು ಬಿಟ್ಟು ಹಿಂಡಿ, ಫೀಡ್ಸ್ ಮಾತ್ರ ತಿನ್ನುವ ಹಸುವಿನ ಹೊಟ್ಟೆಯಲ್ಲಿ ಹುಳಿ ಇನ್ನೂ ಹೆಚ್ಚುತ್ತದೆ. ಫ್ಯಾಟ್ ಬೀಳುವುದು ಇಲ್ಲಿಂದ. ಹಸುವಿನ ಹಾಲಿಗೆ 3.5 ಫ್ಯಾಟ್, 8.5 ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡಿ ಬೆಲೆ ಕಟ್ಟುವಾಗ ರೈತರಿಗೆ ಲೀಟರಿನಲ್ಲೂ ನಷ್ಟ, ದರದಲ್ಲೂ ನಷ್ಟ. ಅಡುಗೆ ಉಪ್ಪು, ಖನಿಜ ಮಿಶ್ರಣ, ಸೋಡಿಯಂ ಬೈಕಾರ್ಬೊನೇಟ್ ಈ ಕಾಲಕ್ಕೆ ಬೇಕೇ ಬೇಕು. ಹಾಲಿನ ಅಳತೆಗೆ ತಕ್ಕಂತೆ ಎಷ್ಟೆಂಬುದನ್ನು ನಿಮ್ಮ ಪಶುವೈದ್ಯರಿಂದ ಕೇಳಿ ತಿಳಿಯಿರಿ.

ಮೈ ತೊಳೆದರೂ ಪ್ರಯೋಜನವಿಲ್ಲ ಎಂದಿರಿ. ಹಸುವನ್ನು ತಂಪಾಗಿಸುವುದು ಅದರ ಮೇಲೆ ಹರಿದುಹೋಗುವ ನೀರಲ್ಲ, ಮೈಮೇಲಿಂದ ಆವಿಯಾಗುವ ನೀರು. ಒಂದು ಲೀಟರ್ ನೀರು 25 ಡಿಗ್ರಿಯಿಂದ ಹಸುವಿನ ಮೈಬಿಸಿಯವರೆಗೆ ಕಾದು ನೆಲಕ್ಕಿಳಿದರೆ ಒಯ್ಯುವುದು ಸುಮಾರು 13.5 ಕಿಲೊಕ್ಯಾಲರಿ ಶಾಖ. ಅದೇ ಲೀಟರ್ ಪೂರ್ತಿ ಆವಿಯಾದರೆ ಸುಮಾರು 580! ಕೊಳವೆಬಾವಿಯ ನೀರಿಗೂ ಲೆಕ್ಕ ಹಾಕುವ ಸೀಮೆಯಲ್ಲಿ ಪೈಪು ಹಿಡಿದು ಸುರಿಸುವುದು ದಂಡ. ಕುತ್ತಿಗೆ, ಹೆಗಲು, ಬೆನ್ನಿನ ಮೇಲೆ ನೀರು ಹಾಕಿ, ಕೂದಲಿನ ಬುಡದವರೆಗೂ ಇಳಿಯುವಂತೆ ಉಜ್ಜಿ. ಕೆಚ್ಚಲಿನವರೆಗೆ ಹರಿಯುವಷ್ಟು ಬೇಡ, ಕೆಚ್ಚಲುಬಾವಿಗೆ ದಾರಿಯಾಗುತ್ತದೆ. ಆಮೇಲೆ ಹತ್ತು ಹದಿನೈದು ನಿಮಿಷ ಫ್ಯಾನ್ ಗಾಳಿ ನೇರ ಮೈಗೆ ತಾಗಲಿ. ಒಣಗಿದ ಮೇಲೆ ಮತ್ತೆ ಒದ್ದೆ ಮಾಡಿ. 12ರಿಂದ 4 ಗಂಟೆಯವರೆಗೆ ಹೀಗೆ ನಡೆಸಿದರೆ ಎರಡು ಹೊತ್ತಿನ ಸ್ನಾನಕ್ಕಿಂತ ಎಷ್ಟೋ ಹೆಚ್ಚು ಫಲ. ಗಾಳಿಯಿಲ್ಲದ ಕಡೆ ಒದ್ದೆ ಗೋಣಿಚೀಲವನ್ನು ಬೆನ್ನಿಗೆ ಹೊದಿಸುವುದನ್ನು ನಾನು ಒಪ್ಪುವುದಿಲ್ಲ. ಅದು ಆವಿಯನ್ನು ಮೈಗೇ ಅಂಟಿಸಿ ಇಡುತ್ತದೆ. ಅದೇ ಚೀಲವನ್ನು ಗಾಳಿ ಬರುವ ದಿಕ್ಕಿಗೆ ಪರದೆಯಂತೆ ತೂಗಿಬಿಟ್ಟರೆ ಒಳ್ಳೆಯದು. ಮಂಜಿನಂತೆ ಸಿಂಪಡಿಸುವ ಫಾಗರ್‌ಗಳಿಗೆ ಹಣ ಹಾಕುವ ಮುನ್ನ ಒಂದು ಒಳ್ಳೆಯ ಫ್ಯಾನ್ ಕೊಳ್ಳಿ.

ಬಯಲುಸೀಮೆಯ ಮಾರ್ಚ್ ತಿಂಗಳ ಒಣ ಹವೆ ಈ ಕೆಲಸಕ್ಕೆ ಅನುಕೂಲ. ಎಚ್ಚರ ಬೇಕಾದದ್ದು ಏಪ್ರಿಲ್–ಮೇ ತಿಂಗಳಲ್ಲಿ ಒಂದು ಮಳೆ ಬಿದ್ದು ಮೋಡ ಕಟ್ಟಿದಾಗ. ಉಷ್ಣತೆ, ತೇವ ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಸೂಚ್ಯಂಕವೊಂದಿದೆ. 72 ದಾಟಿದರೆ ಹಸುವಿಗೆ ಕಷ್ಟ. 35 ಡಿಗ್ರಿ ಬಿಸಿಲಿನಲ್ಲಿ ಗಾಳಿಯ ತೇವ ಶೇ 30 ಇದ್ದರೆ ಅದು 81ರ ಹತ್ತಿರ. 30 ಡಿಗ್ರಿಯಷ್ಟೇ ಇದ್ದು ತೇವ ಶೇ 80 ಇದ್ದರೆ 83ರ ಹತ್ತಿರ! ಬಿಸಿಲಿಲ್ಲವೆಂದು ನಾವು ಫ್ಯಾನ್ ನಿಲ್ಲಿಸುವ ದಿನವೇ ಹಸು ಹೆಚ್ಚು ಬೇಯುತ್ತದೆ. ಆಕಾಶ ನೋಡುವುದಕ್ಕಿಂತ ಹಸುವಿನ ಪಕ್ಕೆ ನೋಡಿ, ಒಂದು ನಿಮಿಷದ ಉಸಿರು ಎಣಿಸಿ. 60 ದಾಟಿದ್ದರೆ ಸೆಕೆ ತಾಗಿದೆ, 80 ದಾಟಿದ್ದರೆ ಜೋರಾಗಿಯೇ ತಾಗಿದೆ.

ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕೆಂದಿರುವುದು ರಾತ್ರಿಯ ಬಗ್ಗೆ. ಅರಸೀಕೆರೆ ಸೀಮೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಹಗಲು ಎಷ್ಟೇ ಕಾದರೂ ಬೆಳಗಿನ ಜಾವಕ್ಕೆ ತಣ್ಣಗಾಗುತ್ತದೆ. ರಾತ್ರಿ ಮೂರರಿಂದ ಆರು ಗಂಟೆ ಕಾಲ 21 ಡಿಗ್ರಿಗಿಂತ ಕೆಳಗಿನ ತಂಪು ಸಿಕ್ಕರೆ, ಹಗಲಿನ ಸೆಕೆಯಿಂದಾಗುವ ಹಾಲಿನ ನಷ್ಟ ಬಹಳಷ್ಟು ತಗ್ಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಕರಾವಳಿಯ ಹಸುವಿಗೆ ಸಿಗದ ಈ ಭಾಗ್ಯ ನಿಮ್ಮ ಹಸುವಿಗಿದೆ. ಆದರೆ ಚಿರತೆಗೂ ಕಳ್ಳರಿಗೂ ಹೆದರಿ ಕೊಟ್ಟಿಗೆಯ ಬಾಗಿಲು, ಕಿಟಕಿಗಳನ್ನೆಲ್ಲ ಮುಚ್ಚಿಬಿಡುತ್ತೇವೆ. ಹೊರಗೆ ತಂಗಾಳಿ ಬೀಸುವಾಗ ಒಳಗೆ ಹಸು, ಸಗಣಿ, ಗಂಜಳದ ಬಿಸಿಯೇ ತುಂಬಿರುತ್ತದೆ. ಭಯ ನ್ಯಾಯವಾದದ್ದೇ, ಪರಿಹಾರ ಗೋಡೆಯಲ್ಲ, ಗಟ್ಟಿ ಕಬ್ಬಿಣದ ಜಾಲರಿ. ಎದುರುಬದುರಿನ ಎರಡು ಗೋಡೆಗಳನ್ನು ಸೊಂಟದೆತ್ತರಕ್ಕೆ ಇಳಿಸಿ ಮೇಲೆ ಜಾಲರಿ ಹಾಕಿಸಿದರೆ ಚಿರತೆ ಹೊರಗೆ, ಗಾಳಿ ಒಳಗೆ. ಬೇಸಿಗೆಗೆಂದು ಒಂದೇ ಒಂದು ಖರ್ಚು ಮಾಡುವುದಾದರೆ ಇದನ್ನು ಮಾಡಿ.

ಮೇವಿನ ಹೊತ್ತನ್ನೂ ರಾತ್ರಿಗೆ ಸರಿಸಿ. ನಾರು ಹೆಚ್ಚಿರುವ ರಾಗಿಹುಲ್ಲು ಜೀರ್ಣವಾಗುವಾಗ ಶಾಖ ಹೆಚ್ಚು. ಬೆಳಿಗ್ಗೆ ಹತ್ತಕ್ಕೆ ಹಾಕಿದ ಹುಲ್ಲಿನ ಬಿಸಿ ನಡುಹಗಲಿನ ಬಿಸಿಲಿಗೇ ಕೂಡಿಕೊಳ್ಳುತ್ತದೆ. ಅದನ್ನು ಮಲಗುವ ಮುನ್ನ ಗೋದಲಿಗೆ ತುಂಬಿ, ಹಗಲಿಗೆ ಎಳೆಯ ಹಸಿಮೇವು ಇರಲಿ. ಫೀಡ್ಸನ್ನು ನಸುಕಿಗೆ ಒಂದು ಪಾಲು, ಕತ್ತಲಾದ ಮೇಲೆ ಒಂದು ಪಾಲು ಕೊಡಿ. ಕುಡಿಯುವ ನೀರು ಹೊತ್ತು ನೋಡಿ ಇಡುವ ವಸ್ತುವಲ್ಲ. ಬೇಸಿಗೆಯಲ್ಲಿ ದಿನಕ್ಕೆ 80ರಿಂದ 100 ಲೀಟರ್ ಕುಡಿಯುವ ಹಸುವಿನ ಮೂತಿಯ ಮುಂದೆ ಸದಾ ನೀರಿರಬೇಕು, ತೊಟ್ಟಿ ನೆರಳಲ್ಲಿರಬೇಕು. ಕಪ್ಪು ಟ್ಯಾಂಕಿನಲ್ಲಿ ಕಾದ ನೀರನ್ನು ಹಸು ಮೂಸಿ ಬಿಟ್ಟರೆ ಅದಕ್ಕೆ ಬಾಯಾರಿಕೆಯಿಲ್ಲ ಎಂದುಕೊಳ್ಳಬೇಡಿ.

ಚಾವಣಿಯ ವಿಷಯದಲ್ಲಿ ತೆಂಗಿನ ನಾಡಿನವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಶೀಟಿನ ಮೇಲೆ ಗರಿ ದಪ್ಪಗೆ ಹೊದಿಸಿ, ಇಲ್ಲವೇ ಸುಣ್ಣ ಬಳಿಯಿರಿ. ಹಗಲು ತೋಟದಲ್ಲಿ ಕಟ್ಟುವುದು ಇನ್ನೂ ಒಳ್ಳೆಯದು. ಕಾಯಿ, ಒಣಗರಿ ಬೀಳದ ಜಾಗ ನೋಡಿಕೊಳ್ಳಿ. ನೆರಳು ಸರಿದಂತೆ ಹಸುವನ್ನೂ ಸರಿಸಿ.

ಹಸು ತೂರಾಡುತ್ತಿದ್ದರೆ, ನಾಲಿಗೆ ಹೊರಚಾಚಿ ಬಿದ್ದುಕೊಂಡರೆ, ಅದು ಉಷ್ಣಾಘಾತ. ಮೈಗೆ ನೀರು ಹಾಕಿ ಗಾಳಿ ಹಿಡಿಯುತ್ತಲೇ 1962ಕ್ಕೆ ಕರೆ ಮಾಡಿ ಪಶು ಆಂಬುಲೆನ್ಸ್ ಕರೆಸಿ. ತೇಕುತ್ತಿರುವ ಹಸುವಿನ ಬಾಯಿಗೆ ಗೊಟ್ಟದಲ್ಲಿ ನೀರು, ಮಜ್ಜಿಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ.

ಎರಡು ಎಚ್‌ಎಫ್‌ಗಳಲ್ಲಿ ಯಾವುದಾದರೂ ಈಗ ಹಾಲು ಬತ್ತಿಸಿದ ತುಂಬುಗಬ್ಬದ ಹಸುವೇ? ಹಾಲಿಲ್ಲವೆಂದು ಅದನ್ನು ಬಿಸಿಲ ಮೂಲೆಗೆ ಕಟ್ಟುವ ರೂಢಿ ಎಲ್ಲೆಡೆ ಇದೆ, ಅದು ದೊಡ್ಡ ನಷ್ಟ. ಕರು ಹಾಕುವ ಮುಂಚಿನ ಈ ಎರಡು ತಿಂಗಳಲ್ಲೇ ಕೆಚ್ಚಲು ಹೊಸದಾಗಿ ಕಟ್ಟಿಕೊಳ್ಳುವುದು. ಆಗ ಸೆಕೆಯಲ್ಲಿ ಬೆಂದ ಹಸು ಮುಂದಿನ ಸೂಲಿನ ಉದ್ದಕ್ಕೂ ಕಡಿಮೆ ಕರೆಯುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ನಡೆದ ಅಧ್ಯಯನಗಳಲ್ಲಿ, ಅಂಥ ಹಸುವಿನ ಹೊಟ್ಟೆಯಲ್ಲಿದ್ದ ಹೆಣ್ಣುಗರುವೂ ಬೆಳೆದು ಹಸುವಾದಾಗ ಕಡಿಮೆ ಹಾಲು ಕೊಟ್ಟಿದೆ. ನಿಮ್ಮಲ್ಲಿರುವುದು ಒಂದೇ ಫ್ಯಾನ್ ಆದರೆ ಎರಡು ಹಸುಗಳಿಗೂ ಗಾಳಿ ತಾಗುವಂತೆ ಅಕ್ಕಪಕ್ಕ ಕಟ್ಟಿ. ಹಳ್ಳಿಕಾರ್ ಹಸುವಿಗೆ ತೋಟದ ನೆರಳು, ನೀರು ಸಾಕು.