ಖಾಲಿ ಸೈಟಿನ ಸೊಪ್ಪು ಸಾರಿಗೆ ಆಗುತ್ತದೆಯೇ?

ಪ್ರಶ್ನೆ: ನಮ್ಮ ಮನೆ ಬಿಟಿಎಂ ಲೇಔಟಿನಲ್ಲಿ. ಪಕ್ಕದ ಖಾಲಿ ಸೈಟಿನಲ್ಲಿ ಮಳೆ ಬಿದ್ದ ಹದಿನೈದೇ ದಿನಕ್ಕೆ ಮೊಣಕಾಲುದ್ದ ಹಸಿರು ಏಳುತ್ತದೆ. ಊರಲ್ಲಿ ನಮ್ಮಜ್ಜಿ ರಾಗಿ ಹೊಲದ ಬದುವಿನಿಂದ ಬೆರಕೆ ಸೊಪ್ಪು ಕಿತ್ತು ತಂದು ಸಾರು ಮಾಡುತ್ತಿದ್ದರು. ಆಗ ನಾನು ಕಲಿಯಲಿಲ್ಲ. ಈಗ ಮೊಬೈಲಿನಲ್ಲಿ ಫೋಟೊ ಹಿಡಿದರೆ ಒಂದೇ ಗಿಡಕ್ಕೆ ಮೂರು ಹೆಸರು ಬರುತ್ತದೆ. ಒಂದು ಸಲ ತಿನ್ನಬಹುದು ಅನ್ನುತ್ತದೆ, ಇನ್ನೊಂದು ಸಲ ವಿಷ ಅನ್ನುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಖಾಲಿ ಸೈಟಿನಿಂದ ಬೇಡ. ಸೊಪ್ಪಿನ ಅಜ್ಜಿಯ ಬುಟ್ಟಿಯಿಂದ ಶುರು ಮಾಡಿ.

ಹೊಸದಾಗಿ ಕಲಿಯುವವರೆಲ್ಲ ಗುರುತಿಲ್ಲದ ಗಿಡದ ಮುಂದೆ ಕೂತು ‘ಇದು ಯಾವುದು?’ ಅಂತ ಕೇಳುತ್ತಾರೆ. ನಿಮ್ಮಜ್ಜಿ ಹಾಗೆ ಕೇಳಿರಲಾರರು. ಅವರಿಗೆ ಹತ್ತೋ ಹದಿನೈದೋ ಗಿಡ ಗೊತ್ತಿದ್ದವು. ಬದುವಿನ ಮೇಲೆ ನಡೆದರೆ ಅಣ್ಣೆ, ಗಣಿಕೆ, ಕೊಮ್ಮೆ, ಹೊನಗೊನ್ನೆ ತಾವಾಗಿ ಕಣ್ಣಿಗೆ ಬೀಳುತ್ತಿದ್ದವು. ಉಳಿದದ್ದೆಲ್ಲ ಕಳೆ, ಅದರ ಹೆಸರು ಕಟ್ಟಿಕೊಂಡು ಅವರಿಗೇನಾಗಬೇಕು? ಗುರುತಿರುವ ಗಿಡವನ್ನು ಗುಂಪಿನಲ್ಲಿ ಹುಡುಕುವುದೇ ಒಂದು ಕೆಲಸ, ಗುರುತಿಲ್ಲದ್ದಕ್ಕೆ ಹೆಸರು ಹುಡುಕುವುದೇ ಇನ್ನೊಂದು ಕೆಲಸ. ಎರಡನೆಯದು ಸಸ್ಯಶಾಸ್ತ್ರಿಗಳದ್ದು. ನಮಗೆ ಮೊದಲನೆಯದು ಸಾಕು.

ಜಯನಗರ ನಾಲ್ಕನೇ ಬ್ಲಾಕಿನಲ್ಲೋ ಬನಶಂಕರಿ ದೇವಸ್ಥಾನದ ಹತ್ತಿರದ ಮಾರ್ಕೆಟ್ಟಿನಲ್ಲೋ ಒಂದು ಕಟ್ಟು ಹೊನಗೊನ್ನೆ ಸೊಪ್ಪು ತನ್ನಿ. ಎಲೆ ಬಿಡಿಸಿ ಪಲ್ಯ ಮಾಡಿ. ಉಳಿದ ಕಡ್ಡಿಗಳಲ್ಲಿ ದಪ್ಪನೆಯ ನಾಲ್ಕನ್ನು ಕುಂಡದ ಹಸಿ ಮಣ್ಣಿಗೆ ಚುಚ್ಚಿಬಿಡಿ. ಗಿಣ್ಣು ಗಿಣ್ಣಿಗೂ ಬೇರು ಬಿಡುವ ಜಾತಿ ಅದು, ಬೇಡವೆಂದರೂ ಬದುಕುತ್ತದೆ. ಆಮೇಲೆ ಕೀಳಬೇಡಿ, ಹೂ ಬಿಡುವವರೆಗೆ ಸುಮ್ಮನೆ ನೋಡಿ. ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ. ಎಲೆ ಕಾಂಡಕ್ಕೆ ಸೇರುವ ಕಂಕುಳಲ್ಲಿ ಅಕ್ಕಿ ನುಚ್ಚು ಅಂಟಿಸಿದ ಹಾಗೆ ಬಿಳಿ ಹೂವಿನ ಪುಟ್ಟ ಉಂಡೆಗಳು ಕಾಣಿಸಿಕೊಳ್ಳುತ್ತವೆ. ಅವಕ್ಕೆ ತೊಟ್ಟಿರುವುದಿಲ್ಲ, ಕಾಂಡಕ್ಕೇ ಮೆತ್ತಿಕೊಂಡಿರುತ್ತವೆ. ಶಾಸ್ತ್ರದಲ್ಲಿ ಇದರ ಹೆಸರು ಆಲ್ಟರ್ನಾಂಥೆರ ಸೆಸಿಲಿಸ್. ಸೆಸಿಲಿಸ್ ಅಂದರೆ ತೊಟ್ಟಿಲ್ಲದ್ದು ಅಂತಲೇ ಅರ್ಥ. ಹೆಸರಿಟ್ಟವರು ಗುರುತನ್ನೂ ಅದರಲ್ಲೇ ಕಟ್ಟಿಕೊಟ್ಟಿದ್ದಾರೆ.

ಆದರೆ ನಿಮ್ಮ ಕುಂಡದಲ್ಲಿ ಹೂ ಬಂದಾಗ ಆ ಬಿಳಿ ಉಂಡೆ ಸ್ವಲ್ಪ ದೊಡ್ಡದಾಗಿ, ಒಂದೆರಡು ಅಂಗುಲದ ತೊಟ್ಟಿನ ತುದಿಯಲ್ಲಿ ನಿಂತಿರಬಹುದು. ಬಲಿತ ಕಾಂಡವನ್ನು ಮುರಿದರೆ ಒಳಗೆ ಕೊಳವೆಯ ಹಾಗೆ ಟೊಳ್ಳು. ಅದು ನಾಟಿ ಹೊನಗೊನ್ನೆಯಲ್ಲ, ಅದರ ದಾಯಾದಿ. ದಕ್ಷಿಣ ಅಮೆರಿಕದಿಂದ ಬಂದು ನಮ್ಮ ಕೆರೆಗಳನ್ನು ಹೊದ್ದುಕೊಂಡಿರುವ ಅಲಿಗೇಟರ್ ವೀಡ್. ಬೆಂಗಳೂರಿನ ಸೊಪ್ಪಿನ ಬುಟ್ಟಿಗಳಲ್ಲಿ ಇದೂ ಹೊನಗೊನ್ನೆ ಅಂತಲೇ ಮಾರಾಟವಾಗುತ್ತದೆ. ಗಿಡದಲ್ಲೇ ವಿಷವಿದೆ ಅಂತಲ್ಲ. ಚರಂಡಿ ನೀರು ಸೇರುವ ಕೆರೆಯಲ್ಲಿ ಬೆಳೆದದ್ದಾದರೆ ಆ ನೀರಿನ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನೂ ಹೀರಿಕೊಂಡಿರುತ್ತದೆ. ಬುಟ್ಟಿಯಿಂದ ಶುರು ಮಾಡಿ ಎಂದು ಹೇಳಿ ಬುಟ್ಟಿಯನ್ನೇ ಅನುಮಾನಿಸುತ್ತೀರಲ್ಲ ಎನ್ನಬಹುದು. ಅದಕ್ಕೇ ಕುಂಡ ಬೇಕು ಎಂದದ್ದು. ಕಟ್ಟು ಕಟ್ಟಿದ ಸೊಪ್ಪಿಗೆ ಹೂವಿರುವುದಿಲ್ಲ, ಎಲೆಯೊಂದನ್ನೇ ನಂಬಿದರೆ ಮೋಸಹೋಗುವುದು ಸುಲಭ. ನಿಮ್ಮ ಮೊಬೈಲು ಎಡವುವುದೂ ಬಹುಪಾಲು ಇಲ್ಲೇ. ಎಳೆಗಿಡದ ಫೋಟೊ ಕೊಟ್ಟರೆ ಅದೂ ಏನು ಮಾಡೀತು, ಊಹಿಸುತ್ತದೆ. ಹೂವು, ಕಾಯಿ, ಎಲೆಯ ಬೆನ್ನು, ಕಾಂಡ ಎಲ್ಲವನ್ನೂ ಬೇರೆ ಬೇರೆ ತೋರಿಸಿದರೆ ಅದರ ಉತ್ತರ ಎಷ್ಟೋ ಸುಧಾರಿಸುತ್ತದೆ. ಆದರೂ ಅದರ ಮಾತನ್ನು ಸುಳಿವು ಎಂದು ತಗೊಳ್ಳಿ, ಅಪ್ಪಣೆ ಎಂದಲ್ಲ.

ನಾನು ಎಡವಿದ್ದು ಗೋಣಿ ಸೊಪ್ಪಿನಲ್ಲಿ. ದಪ್ಪ ಚಮಚದಂಥ ಎಲೆ, ಕೆಂಪಗೆ ನುಣ್ಣಗಿರುವ ಕಾಂಡ, ನೆಲಕ್ಕೆ ಅಂಗಾತ ಬಿದ್ದು ಹಬ್ಬುವ ಗಿಡ. ನಮ್ಮ ಕುಂಡಗಳಲ್ಲಿರುವ ಟೇಬಲ್ ರೋಸಿನ ಸೋದರಿ. ಮದುವೆಯಾದ ಹೊಸತರಲ್ಲಿ ಬನಶಂಕರಿ ಮನೆಯ ಹಿತ್ತಲಿನ ಕಲ್ಲು ಸಂದಿಯಿಂದ ಒಂದು ಬೊಗಸೆ ಕಿತ್ತು ತಂದು, ಹೆಮ್ಮೆಯಿಂದ ಅತ್ತೆಯವರ ಮುಂದೆ ಇಟ್ಟೆ. ಅವರು ಮಾತಾಡಲಿಲ್ಲ. ಒಂದೊಂದೇ ಕಡ್ಡಿ ತೆಗೆದು ಚಟಕ್ಕನೆ ಮುರಿದು ನೋಡುತ್ತಾ ಹೋದರು. ಐದೋ ಆರೋ ಕಡ್ಡಿಯಲ್ಲಿ ಬರೀ ನೀರು. ಏಳನೆಯದರಲ್ಲಿ ಬಿಳಿ ಹಾಲು ಜಿನುಗಿ ಅವರ ಉಗುರಿನ ಮೇಲೆ ಚುಕ್ಕೆಯಾಗಿ ನಿಂತಿತು. “ಇದು ಹಾಲುಗಿಡ ಕಣಮ್ಮ” ಎಂದು ಬೊಗಸೆ ಸೊಪ್ಪನ್ನಷ್ಟೂ ಗೊಬ್ಬರದ ಗುಂಡಿಗೆ ಸುರಿದರು. ಒಂದನ್ನು ಆರಿಸಿ ತೆಗೆದು ಉಳಿದದ್ದನ್ನು ಇಟ್ಟುಕೊಳ್ಳಬಹುದಿತ್ತಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು. ಒಂದು ತಪ್ಪು ಕಡ್ಡಿ ಕಿತ್ತ ಕೈ ಇನ್ನೆಷ್ಟನ್ನು ಹಾಗೇ ಕಿತ್ತಿದೆಯೋ ಯಾರಿಗೆ ಗೊತ್ತು, ಎಂದು ಅವರು ಲೆಕ್ಕ ಹಾಕಿದ್ದು ಅರ್ಥವಾಗಲು ನನಗೆ ವರ್ಷಗಳೇ ಬೇಕಾದವು.

ಯೂಫೋರ್ಬಿಯ ಜಾತಿಯ ಆ ಹಾಲುಗಿಡಗಳೂ ಕಲ್ಲು ಸಂದಿಯಲ್ಲೇ ಬೆಳೆಯುತ್ತವೆ, ಅವೂ ನೆಲಕ್ಕೆ ಒತ್ತಿಕೊಂಡಿರುತ್ತವೆ, ಕಾಂಡವೂ ಕೆಂಪಗೇ. ಎಲೆ ಮಾತ್ರ ತೆಳು, ಕಾಂಡ ತಂತಿಯ ಹಾಗೆ ಸಣ್ಣ, ಮುರಿದರೆ ಹಾಲು. ಹಾಲು ಕಂಡರೆ ಬಿಟ್ಟುಬಿಡುವುದು ಹೊಸಬರಿಗೆ ಒಳ್ಳೆಯ ಪದ್ಧತಿ. ಜಯನಗರದ ಕಾಂಪೌಂಡುಗಳಲ್ಲಿ ಅಂದಕ್ಕೆ ನೆಟ್ಟಿರುವ ಹಳದಿ ಕಣಗಿಲೆಯನ್ನೂ ಇದೇ ಪದ್ಧತಿ ದೂರ ಇಡುತ್ತದೆ. ಅದರ ಬೀಜ ಹೃದಯವನ್ನೇ ನಿಲ್ಲಿಸಬಲ್ಲದು. ಆದರೆ ಹಾಲಿಲ್ಲ ಎಂದ ಮಾತ್ರಕ್ಕೆ ಗಿಡ ಸಾಧು ಎಂದುಕೊಳ್ಳಬೇಡಿ. ಉಮ್ಮತ್ತಿಗೆ ಹಾಲಿಲ್ಲ.

ಉಮ್ಮತ್ತಿಯ ಮಾತು ಬಂತಲ್ಲ, ನಿಮ್ಮ ಮೊಬೈಲು ಒಮ್ಮೆ ಸೊಪ್ಪು ಒಮ್ಮೆ ವಿಷ ಎಂದದ್ದು ಗಣಿಕೆಗೇ ಇರಬೇಕು ಎಂದು ನನ್ನ ಅನುಮಾನ. ಗಣಿಕೆಗೆ ಇಂಗ್ಲಿಷಿನಲ್ಲಿ ಬ್ಲ್ಯಾಕ್ ನೈಟ್‌ಶೇಡ್ ಎನ್ನುತ್ತಾರೆ. ಯೂರೋಪಿನಲ್ಲಿ ಡೆಡ್ಲಿ ನೈಟ್‌ಶೇಡ್ ಎಂಬ ಬೇರೆಯೇ ಗಿಡವಿದೆ, ಬೆಲ್ಲಡೋನ. ಅದು ನಿಜವಾದ ವಿಷ, ನಮ್ಮ ಬಯಲುಸೀಮೆಯಲ್ಲಿ ತಾನಾಗಿ ಬೆಳೆಯುವುದಿಲ್ಲ. ಹೆಸರಿನ ನಂಟಿನಿಂದ ಅಲ್ಲಿನವರಿಗೆ ಎರಡರ ಮೇಲೂ ಭಯ, ಅದನ್ನೇ ನಮ್ಮ ಮೊಬೈಲು ಒಪ್ಪಿಸುತ್ತದೆ. ಗಣಿಕೆ ಕೋಲಾರ, ರಾಮನಗರ, ಮಂಡ್ಯದ ಕಡೆ ಸಾರಿನ ಸೊಪ್ಪು, ಬಾಯಿ ಹುಣ್ಣಿಗೆ ಮನೆಮದ್ದು. ಹಾಗಂತ ಮೊಬೈಲು ಹೇಳಿದ್ದು ಪೂರಾ ಸುಳ್ಳೂ ಅಲ್ಲ. ಗಣಿಕೆಯ ಹಸಿರು ಕಾಯಲ್ಲಿ ಸೋಲನಿನ್ ಇರುತ್ತದೆ, ಹಸಿರಾದ ಆಲೂಗಡ್ಡೆಯಲ್ಲಿ ಇರುವಂಥದ್ದೇ. ಕಾಯಿ ಬೇಡ. ಎಳೆ ಕುಡಿಯನ್ನು ಬೇಯಿಸಿಯೇ ತಿನ್ನಬೇಕು.

ಭಯಪಡಬೇಕಾದ್ದು ಉಮ್ಮತ್ತಿಯ ಎಳೆಗಿಡಕ್ಕೆ. ಒಂದು ಗೇಣು ಎತ್ತರದಲ್ಲಿ ಗಣಿಕೆ, ಉಮ್ಮತ್ತಿ ಎರಡರ ಎಲೆಯೂ ಅಕ್ಕತಂಗಿಯರ ಹಾಗಿರುತ್ತವೆ. ಹೂ ಬಂದರೆ ಚಿಕ್ಕ ಮಗುವೂ ಬೇರೆ ಮಾಡೀತು. ಗಣಿಕೆಯದು ಬೆರಳ ತುದಿಗಿಂತ ಚಿಕ್ಕ ಬಿಳಿ ನಕ್ಷತ್ರ, ನಡುವೆ ಹಳದಿ, ನಾಲ್ಕಾರು ಒಟ್ಟಿಗೆ ತಲೆ ತಗ್ಗಿಸಿ ನಿಂತಿರುತ್ತವೆ. ಕಾಯಿ ಬಟಾಣಿಗಿಂತ ಸಣ್ಣದು, ಹಣ್ಣಾದರೆ ಕಪ್ಪು ಇಲ್ಲವೇ ಕೇಸರಿ. ಉಮ್ಮತ್ತಿಯದು ಅಂಗೈಯುದ್ದದ ಒಂಟಿ ಕಹಳೆ, ಕಾಯಿಯ ತುಂಬ ಮುಳ್ಳು. ಆದ್ದರಿಂದ ಮೊದಲ ವರ್ಷ ಹೂವಾಗಲಿ ಕಾಯಾಗಲಿ ಕಾಣದ ಗಣಿಕೆಯನ್ನು ಕೀಳಲೇಬೇಡಿ. ಉಮ್ಮತ್ತಿ ಹೊಟ್ಟೆಗೆ ಹೋದರೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅರಳುತ್ತದೆ, ಮನುಷ್ಯ ಇಲ್ಲದ್ದನ್ನು ಕಂಡು ಬಡಬಡಿಸುತ್ತಾನೆ. ಅಂಥದ್ದೇನಾದರೂ ಕಂಡರೆ ಮಜ್ಜಿಗೆ, ನಿಂಬೆರಸ ಎಂದು ಕೂರದೆ ಆಸ್ಪತ್ರೆಗೆ ಓಡಿ. ತಿಂದ ಗಿಡದ ತುಂಡನ್ನೂ ಜೊತೆಗೆ ಒಯ್ಯಿರಿ. ಬೇಯಿಸಿದರೆ ವಿಷ ಹೋಗುತ್ತದೆ ಎಂಬ ಮಾತನ್ನು ಯಾರು ಹೇಳಿದರೂ ನಂಬಬೇಡಿ.

ಕನ್ನಡದ ಹೆಸರುಗಳೂ ಕೆಲವು ಸಲ ಕೈಕೊಡುತ್ತವೆ. ಬ್ರಾಹ್ಮಿ ಎಂದರೆ ನಮಗೆ ಒಂದೆಲಗ, ಆಯುರ್ವೇದದ ಅಂಗಡಿಯಲ್ಲಿ ಅದು ನೀರುಬ್ರಾಹ್ಮಿ ಎಂಬ ಬೇರೆ ಗಿಡವೂ ಆಗಬಹುದು. ಆದ್ದರಿಂದ ಕನ್ನಡದ ಹೆಸರಿನ ಪಕ್ಕ ಶಾಸ್ತ್ರದ ಹೆಸರನ್ನೂ ಬರೆದಿಟ್ಟುಕೊಳ್ಳಿ. ಅದರ ರೂಢಿಯಾಗಲು ಲಾಲ್‌ಬಾಗಿಗಿಂತ ಒಳ್ಳೆಯ ಶಾಲೆ ಇಲ್ಲ. ಎಷ್ಟೋ ಮರಗಳಿಗೆ ಹೆಸರಿನ ಹಲಗೆ ತಗುಲಿಸಿದ್ದಾರೆ. ಅದನ್ನು ಓದುವ ರುಚಿ ಹತ್ತಬೇಕಾದರೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ, ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ಹುಡುಕಿ ಅಲೆದ ಮೇಷ್ಟರ ಕಥೆ. ಆದರೆ ಲಾಲ್‌ಬಾಗಿನಲ್ಲಿ ನೋಡಬಹುದು, ಕೀಳುವ ಹಾಗಿಲ್ಲ. ಅತ್ತ ತುರಹಳ್ಳಿ ಕಾಡಿನಲ್ಲೂ ಅಷ್ಟೇ, ಅದು ಅರಣ್ಯ ಇಲಾಖೆಯ ಜಾಗ.

ಹಾಗಾದರೆ ಎಲ್ಲಿ ಕೀಳುವುದು? ಇದು ಗುರುತಿಗಿಂತ ಕಷ್ಟದ ಪ್ರಶ್ನೆ. ನಿಮ್ಮ ಪಕ್ಕದ ಸೈಟನ್ನೇ ನೋಡಿ. ಮನೆ ಒಡೆದ ಮಣ್ಣು, ಬಣ್ಣದ ಡಬ್ಬ, ಬೀದಿನಾಯಿಗಳ ಮೂತ್ರ ಎಲ್ಲ ಅಲ್ಲಿಗೇ ಸೇರುತ್ತದೆ. ಹಾವಿಗೆ ಹೆದರಿ ಅಕ್ಕಪಕ್ಕದವರು ಕಳೆನಾಶಕ ಹೊಡೆಸಿರಲೂಬಹುದು. ಇಡೀ ಸೈಟಿನ ಗಿಡ ಒಂದೇ ವಾರದಲ್ಲಿ ಒಟ್ಟಿಗೆ ಹಳದಿಯಾದರೆ ಅದು ಬಿಸಿಲಲ್ಲ, ಔಷಧಿ. ಜೊತೆಗೆ ಕಾಂಗ್ರೆಸ್ ಗಿಡ ಬೇರೆ, ಕೆಲವರಿಗೆ ಮುಟ್ಟಿದರೇ ಮೈ ಕಡಿತ. ಕೆರೆದಂಡೆಯಿಂದ ಸೊಪ್ಪು ಕಿತ್ತು ಬದುಕಿದ ಊರು ಇದು. ಕೆರೆಗೆ ಬಚ್ಚಲ ನೀರು ಬಿಟ್ಟು ಆ ಊಟವನ್ನು ನಾವೇ ಕೆಡಿಸಿಕೊಂಡೆವು. ಜೆಪಿ ನಗರದ ಪುಟ್ಟೇನಹಳ್ಳಿ ಕೆರೆಯನ್ನು ನಿವಾಸಿಗಳು ಮುಂದೆ ನಿಂತು ಉಳಿಸಿಕೊಂಡಿದ್ದಾರೆ. ಹೊನಗೊನ್ನೆಯ ಗುರುತು ಹಿಡಿಯುವ ಅಭ್ಯಾಸಕ್ಕೆ ಅಲ್ಲೊಂದು ಸುತ್ತು ಹಾಕಿ ಬನ್ನಿ, ಬರಿಗೈಲೇ ಬನ್ನಿ.

ನಾನು ಮಾಡುವುದು ಇಷ್ಟು. ಸೈಟಿನಲ್ಲಿ ಗಣಿಕೆಯ ಹಣ್ಣು ಕಪ್ಪಾದಾಗ ನಾಲ್ಕು ತಂದು ತಾರಸಿಯ ಕುಂಡದಲ್ಲಿ ಹಿಸುಕುತ್ತೇನೆ. ಅಣ್ಣೆಯ ಗುಲಾಬಿ ತೆನೆ ಒಣಗಿದರೆ ಒಂದನ್ನು ಕವರಿನೊಳಗೆ ಉದುರಿಸಿಕೊಳ್ಳುತ್ತೇನೆ, ಒಳಗೆ ಕರಿ ಸಾಸಿವೆಯಂಥ ಹೊಳೆಯುವ ಬೀಜ. ಗೋಣಿ ಸೊಪ್ಪಿನದು ಒಂದು ಕಡ್ಡಿ ಸಾಕು. ಗುರುತಿನ ಪಾಠ ಬೀದಿಯಲ್ಲಿ, ಊಟ ತಾರಸಿಯಲ್ಲಿ. ಮಣ್ಣು ನಿಮ್ಮದು, ನೀರು ನಿಮ್ಮದು, ಹೂ ಬರುವವರೆಗೆ ಕಾಯಲು ಯಾರ ಅಡ್ಡಿಯೂ ಇಲ್ಲ.

ಬೀದಿಯಲ್ಲೇ ಕೈಚಾಚಿ ತಿನ್ನಬೇಕೆಂಬ ಚಪಲ ತಡೆಯದಿದ್ದರೆ ಗಸಗಸೆ ಹಣ್ಣಿನ ಮರ ಹುಡುಕಿ, ಬಿಟಿಎಂನಲ್ಲಿ ಬೇಕಾದಷ್ಟಿವೆ. ಅಂಚು ಹಲ್ಲುಹಲ್ಲಾದ, ಮುಟ್ಟಿದರೆ ಅಂಟಂಟಾದ ಎಲೆ. ಅದರಡಿಯಲ್ಲಿ ಸುಕ್ಕು ಕಾಗದದಂಥ ಬಿಳಿ ಹೂವು. ಚೆರ್ರಿಯಷ್ಟು ಕೆಂಪು ಹಣ್ಣು ಹಿಸುಕಿದರೆ ಸಕ್ಕರೆ ಪಾಕದೊಳಗೆ ಗಸಗಸೆಯಂಥ ಬೀಜ. ಬಾವಲಿ, ಅಳಿಲು ಕಚ್ಚದ್ದನ್ನು ಕೊಂಬೆಯಿಂದಲೇ ಕಿತ್ತು, ತೊಳೆದು ತಿನ್ನಿ.

ಇನ್ನೊಂದು ಮಾತು, ಗುರುತು ಸರಿಯಿದ್ದೂ ಕೆಟ್ಟವರ ಬಗ್ಗೆ. ಕುಂಡಗಳಲ್ಲಿ ಈಗ ಎಲ್ಲರೂ ಬೆಳೆಸುವ ಚಕ್ರಮುನಿ, ಅಂದರೆ ವಿಟಮಿನ್ ಸೊಪ್ಪು, ಒಗ್ಗರಣೆ ಹಾಕಿದರೆ ರುಚಿಯಾದ ಸೊಪ್ಪೇ. 1995ರ ಸುಮಾರಿಗೆ ತೈವಾನಿನಲ್ಲಿ ತೂಕ ಇಳಿಯುತ್ತದೆ ಎಂದು ಅದರ ಹಸಿ ರಸವನ್ನು ದಿನವೂ ವಾರಗಟ್ಟಲೆ ಕುಡಿದ ಎಷ್ಟೋ ಜನರ ಶ್ವಾಸಕೋಶ ಮತ್ತೆ ಸರಿಹೋಗದ ಹಾಗೆ ಹಾಳಾಯಿತು. ಅವರಾರೂ ಗಿಡದ ಗುರುತು ತಪ್ಪಿದವರಲ್ಲ. ನಿಮ್ಮ ಸೈಟಿನಲ್ಲಿ ಖಂಡಿತ ಇರುವ ಪುಳ್ಳಂಪುರಚಿಯನ್ನೂ, ಮೂರು ಹೃದಯದಂಥ ಎಲೆ, ಹಳದಿ ಹೂ, ನಾಲಿಗೆಗೆ ಹುಳಿ, ಮೂತ್ರದ ಕಲ್ಲಿನ ತೊಂದರೆ ಇರುವವರು ಮುಟ್ಟದಿರುವುದೇ ಮೇಲು.

ಬೆರಕೆ ಎಂಬ ಮಾತಿನಲ್ಲೇ ಯಾವುದೂ ಅತಿಯಾಗದಿರಲು ಒಂದು ಉಪಾಯವಿದೆ. ಯಾವ ಸೊಪ್ಪೂ ಒಂದೇ ಇಡೀ ಪಾತ್ರೆ ತುಂಬುವುದಿಲ್ಲ. ಮೊದಲ ಸಲ ಅಂಗಡಿಯ ದಂಟಿನ ಸೊಪ್ಪು ಒಂದು ಕಟ್ಟು, ಅದಕ್ಕೆ ನಿಮ್ಮ ಕುಂಡದ ಗಣಿಕೆ ಕುಡಿ ಒಂದು ಹಿಡಿ, ಹೊನಗೊನ್ನೆ ಒಂದು ಹಿಡಿ. ತೊಗರಿಬೇಳೆಯ ಜೊತೆ ಬೇಯಿಸಿ, ಬಸಿದ ಕಟ್ಟಿಗೆ ಖಾರ ಹಾಕಿ ಬಸ್ಸಾರು ಮಾಡಿ, ಸೊಪ್ಪಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಡಿ. ಮುದ್ದೆ ಬಿಸಿಯಾಗಿರಲಿ.