ನೇಪಾಳ ನೋಡಿ ಬಂದ್ವಿ

ನಾವು ಗಂಡ ಹೆಂಡತಿ ಕುರುಗೋಡಿನವರು. ಬೇಸಿಗೆ ರಜೆಯಲ್ಲಿ ನೇಪಾಳಕ್ಕೆ ಹೋದೆವು. ಅದು ಬೇರೆ ದೇಶ. ಆದರೆ ಭಾರತದವರಿಗೆ ವೀಸಾ ಬೇಡ. ಓಟಿನ ಗುರುತಿನ ಚೀಟಿ ಸಾಕು.

ಬಳ್ಳಾರಿಯಲ್ಲಿ ರೈಲು ಹತ್ತಿದೆವು. ರೈಲು ಬದಲಿಸಿ ಗೋರಖಪುರ ಮುಟ್ಟಿದೆವು. ಸುನೌಲಿಯಲ್ಲಿ ಗಡಿ ದಾಟಿ, ಬಸ್ಸಿನಲ್ಲಿ ಕಠ್ಮಂಡು ಸೇರಿದೆವು.

ಪಶುಪತಿನಾಥ ಗುಡಿಯಲ್ಲಿ ದೊಡ್ಡ ನಂದಿ ಇದೆ. ನಮ್ಮೂರ ದೊಡ್ಡಬಸವಣ್ಣನ ನೆನಪಾಯ್ತು. ಅಲ್ಲಿ ಪೂಜೆ ಮಾಡುವ ಭಟ್ಟರಲ್ಲಿ ಕರ್ನಾಟಕದವರೂ ಇದ್ದಾರೆ!

ನಮ್ಮ 100 ರೂಪಾಯಿಗೆ ನೇಪಾಳದ 160 ರೂಪಾಯಿ. ಒಬ್ಬ ಅಂಗಡಿಯವ 140 ಕೊಟ್ಟ. ನಾವು ಎಣಿಸಿದೆವು. ಕೇಳಿದ ಮೇಲೆ ಉಳಿದ 20 ಕೊಟ್ಟ.

ನೋಡ್ರಿ, ಲೆಕ್ಕ ಬಾರದಿದ್ರೆ ನಮ್ಮ ದುಡ್ಡು ಹೋಗ್ತಿತ್ತು.

ಲೆಕ್ಕ ಮಾಡಿರಿ: ಸಿರುಗುಪ್ಪದ ಅಕ್ಕ 200 ರೂಪಾಯಿ ಕೊಟ್ಟರೆ, ನೇಪಾಳದ ಎಷ್ಟು ರೂಪಾಯಿ ಬರಬೇಕು?